ವಿಮಾನ ದಾಟುವವರೆಗೆ

ಘಾಟ್ಕೋಪರಿನ ಪಶ್ಚಿಮಕ್ಕೆ, ಸ್ಟೇಷನ್ನಿನ ಗದ್ದಲ ಮುಗಿದು ಏರು ಶುರುವಾಗುವ ಕಡೆ, ಗುಡ್ಡದ ಮೈಗೆ ಅಂಟಿಕೊಂಡಂತೆ ನಮ್ಮ ಚಾಳ್ ಇತ್ತು. ಸಾಂತಾಕ್ರೂಜಿನಲ್ಲಿ ಇಳಿಯುವ ವಿಮಾನಗಳು ನಮ್ಮ ತಗಡಿನ ಮಾಡುಗಳ ಮೇಲೆಯೇ ಹಾದುಹೋಗುತ್ತಿದ್ದವು. ಮೇಲೆ ಎಂದರೆ ಬಹು ಎತ್ತರದಲ್ಲಿ ಎಂದು ಯಾರೂ ತಿಳಿಯಬಾರದು. ಅವುಗಳ ಕೆಳಗೆ ಬಿಚ್ಚಿಕೊಂಡ ಚಕ್ರಗಳು, ರೆಕ್ಕೆಯ ಅಂಚಿನ ದೀಪ, ಹೊಟ್ಟೆಗೆ ಹತ್ತಿದ ಎಣ್ಣೆಯ ಕಲೆ, ಎಲ್ಲವೂ ನಮಗೆ ಕಾಣುತ್ತಿದ್ದವು. ವಿಮಾನ ಬಂದಾಗ ಗೂಡಿನಲ್ಲಿ ಒರಗಿಸಿಟ್ಟ ಹಿತ್ತಾಳೆಯ ತಟ್ಟೆಗಳು ನಡುಗುತ್ತಿದ್ದವು. ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುತ್ತಿರಲಿಲ್ಲ.

ಹೀಗಾಗಿ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು. ವಿಮಾನ ಬಂದಾಗ ಮಾತಾಡುತ್ತಿದ್ದವರು ಆಡಿದ ಮಾತಿನಲ್ಲಿಯೇ ನಿಲ್ಲುವುದು. ಅದು ದಾಟಿದ ಮೇಲೆ ನಿಂತ ಕಡೆಯಿಂದಲೇ ಮುಂದುವರಿಸುವುದು. ಯಾರೂ ಯಾರಿಗೂ ಇದನ್ನು ಕಲಿಸಿದ್ದಲ್ಲ. ನಳದ ಹತ್ತಿರ ಜಗಳ ನಡೆದಿದ್ದರೆ ಒಬ್ಬಾಕೆ "ನಿನ್ನ ಗಂಡ" ಎಂದು ಬೆರಳೆತ್ತಿದವಳು ಹಾಗೆಯೇ ನಿಲ್ಲುತ್ತಿದ್ದಳು. ಬೈಸಿಕೊಳ್ಳಬೇಕಾದವಳು ಕೊಡವನ್ನು ಸೊಂಟಕ್ಕಿಟ್ಟು, ಬೈಗುಳ ಪೂರ್ತಿಯಾಗಲಿ ಎಂದು ತಾಳ್ಮೆಯಿಂದ ಕಾಯುತ್ತಿದ್ದಳು. ಸದ್ದು ಅಡಗಿದೊಡನೆ "ಏನ್ ದೊಡ್ಡ ಸಾವ್ಕಾರನೇನ?" ಎಂದು ಉಳಿದರ್ಧ ಬರುತ್ತಿತ್ತು. ನನ್ನ ಅಪ್ಪನದು ಮಾತ್ರ ಬೇರೆ ರೀತಿ. ಅವನು ಬಸ್ಸು ನಿಲ್ಲಿಸುವವನಂತೆ ಅಂಗೈ ಮೇಲೆತ್ತುತ್ತಿದ್ದ. ವಿಮಾನ ದಾಟುವವರೆಗೆ ಆ ಕೈ ಇಳಿಯುತ್ತಿರಲಿಲ್ಲ. ನಡುವೆ ನಿಂತ ಮಾತನ್ನು ಮತ್ತೆ ಮೊದಲಿನಿಂದ ಹೇಳುವವರು ಹೊರಗಿನವರು. ಬೀಗರೋ ವಿಮೆಯವರೋ ಮನೆಗೆ ಬಂದರೆ, ಅವರು ಗುಡ್ಡದವರಲ್ಲ ಎಂಬುದು ಇದರಿಂದಲೇ ನಮಗೆ ತಿಳಿಯುತ್ತಿತ್ತು.

ಅಪ್ಪ ಗೌಂಡಿ. ವಿಜಾಪುರದ ಕಡೆಯಿಂದ ಬಂದು, ಈ ಊರಿನಲ್ಲಿ ಇತರರ ಬಿಲ್ಡಿಂಗುಗಳಿಗೆ ಗೋಡೆ ಎಬ್ಬಿಸಿದವನು. ನಮ್ಮ ಕುಟುಂಬದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಭೂಗೋಳ ನನ್ನ ವಿಷಯವಾಗಿತ್ತು. ಕಾಲೇಜು ಮುಗಿದ ಮೇಲೆ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗಿ, ಅಲ್ಲಿನ ಕನ್ನಡ ಸಂಘದ ವಾಚನಾಲಯದಲ್ಲಿ ಕುಳಿತು, ಅಲ್ಲಿಗೆ ಬರುವವರ ಮಾತನ್ನು ಗಮನವಿಟ್ಟು ಕೇಳುತ್ತಿದ್ದೆ. ಅವರು 'ಹೇಳುತ್ತೇನೆ' ಎನ್ನುವ ಕಡೆ ನಮ್ಮ ಮನೆಯಲ್ಲಿ 'ಹೇಳ್ತೇನಿ' ಎನ್ನುತ್ತಿದ್ದೆವು. ನಾನು ಮೆಲ್ಲಗೆ ಅವರ ಮಾತಿನ ಕಡೆಗೆ ಸರಿದೆ. ತಪ್ಪಾದೀತೆಂಬ ಭಯದಿಂದ, ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡ ಮೇಲೆಯೇ ಬಾಯಿ ತೆರೆಯುವುದು ರೂಢಿಯಾಯಿತು. ಇಂದಿಗೂ ಹಾಗೆಯೇ ಇದೆ.

ಪದವಿ ಬಂದ ವರ್ಷ ಮನೆಯಲ್ಲಿ ಒಂದು ಮಾತು ಗಟ್ಟಿಯಾಯಿತು. ಅವ್ವನ ತಮ್ಮ, ಎಂದರೆ ನನ್ನ ಸೋದರಮಾವ, ಊರಿನಲ್ಲಿ ಮದುವೆಯಾಗದೆ ನನಗಾಗಿ ಕಾದಿದ್ದ. ನಮ್ಮ ಕಡೆ ಅದು ಸಹಜವಾದ ಸಂಬಂಧ. ಒಳ್ಳೆಯ ಮನುಷ್ಯ, ಆದರೆ ನಾನು ಚಿಕ್ಕವಳಿದ್ದಾಗ ನನ್ನ ಮೂಗು ಒರೆಸಿದವನು. ನಾನು ಒಲ್ಲೆನೆಂದೆ. ಅವ್ವ ಅತ್ತಳು. ಅಪ್ಪ ನಡುವೆ ಬಂದು ತೀರ್ಮಾನ ಹೇಳಿದ.

"ದೀಪಾವಳಿ ತನಕ ನೋಡೋಣು. ನೌಕರಿ ಕಾಯಂ ಆತಂದ್ರ ನೌಕರಿ. ಇಲ್ಲಂದ್ರ ಲಗ್ನ. ಆಮ್ಯಾಲ ನನ್ನ ಮುಂದ ಅಳಬ್ಯಾಡ್ರಿ, ಇಬ್ಬರೂ."

ಗ್ರಾಂಟ್ ರೋಡಿನಲ್ಲಿ, ಒಂದು ಉಡುಪಿ ಹೋಟೆಲಿನ ಮೇಲಿನ ಮಹಡಿಯಲ್ಲಿ, ವಿಮಾನದ ಟಿಕೆಟು ಮಾಡಿಕೊಡುವ ಸಣ್ಣ ಕಚೇರಿಯೊಂದಿತ್ತು. ಮಾಟುಂಗದ ವಾಚನಾಲಯದ ಹಲಗೆಯ ಮೇಲೆ ಅವರ ಜಾಹೀರಾತು ನೋಡಿ ಅರ್ಜಿ ಹಾಕಿದೆ. ವಿಳಾಸದ ಜಾಗದಲ್ಲಿ ಗುಡ್ಡದ ಕೆಳಗಿನ ಔಷಧದ ಅಂಗಡಿಯದನ್ನು ಬರೆದೆ. ಅಂಚೆಯವನು ಮೇಲೆ ಬರುತ್ತಿರಲಿಲ್ಲವಾದ್ದರಿಂದ ನಾವೆಲ್ಲ ಹಾಗೆಯೇ ಬರೆಯುತ್ತಿದ್ದೆವು. ಆದರೆ ಸಂದರ್ಶನದಲ್ಲಿ ಮ್ಯಾನೇಜರು "ಘಾಟ್ಕೋಪರಿನಲ್ಲಿ ಎಲ್ಲಮ್ಮಾ ಮನೆ? ಸೊಸೈಟೀನಾ?" ಎಂದು ಕೇಳಿದಾಗ, ಅಂಚೆಯವನ ವಿಷಯ ಹೇಳಬಹುದಾಗಿದ್ದ ನಾನು "ಹೌದು, ಅಂಗಡಿಯ ಹಿಂದಿನ ಸೊಸೈಟಿ" ಎಂದುಬಿಟ್ಟೆ. ಸೊಸೈಟಿ ಎಂದರೆ ಈ ಊರಿನಲ್ಲಿ ಫ್ಲಾಟುಗಳಿರುವ ಪಕ್ಕಾ ಕಟ್ಟಡ. ಅವರು ಮೈಸೂರಿನ ಕಡೆಯವರು, ಮಾಟುಂಗದಲ್ಲಿ ಮನೆ. ಅಂಗಿಯ ತೋಳಿನ ಮಡಿಕೆಗಳು ಇಸ್ತ್ರಿಯಲ್ಲಿ ನೇರವಾಗಿ ನಿಂತಿದ್ದವು.

ಆ ಕಚೇರಿಯಲ್ಲಿ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ದಪ್ಪನೆಯ ವೇಳಾಪಟ್ಟಿಗಳನ್ನು ತಿರುವಿ, ಒಂದು ವಿಮಾನಕ್ಕೆ ಇನ್ನೊಂದನ್ನು ಹೊಂದಿಸಿ, ದಾರಿ ಹೇಳಬೇಕಿತ್ತು. ಅದಕ್ಕಾಗಿಯೇ ಒಂದು ಮೇಜಿತ್ತು. ಅದಕ್ಕೆ 'ರೂಟ್ ಟೇಬಲ್' ಎನ್ನುತ್ತಿದ್ದರು. ನನಗೆ ಬೇಕಾಗಿದ್ದುದು ಆ ಮೇಜು. ನಾನು ತಯಾರಾಗಿಯೂ ಹೋಗಿದ್ದೆ. ಕಾಲೇಜಿನ ಗ್ಲೋಬಿನ ಮೇಲೆ ದಾರ ಎಳೆದು ದೂರಗಳನ್ನು ಅಳೆದಿದ್ದೆ. ವಾಚನಾಲಯದಲ್ಲಿ ಹಳೆಯ ವೇಳಾಪಟ್ಟಿಯೊಂದನ್ನು ಸಂಪಾದಿಸಿ ಓದಿದ್ದೆ.

"ಸರಿ, ಒಂದು ಕೇಳ್ತೀನಿ," ಎಂದರು ಮ್ಯಾನೇಜರು. "ಲೇಹ್‌ನಿಂದ ಪೋರ್ಟ್ ಬ್ಲೇರ್‌ಗೆ ಎಷ್ಟು ದೂರ? ಎಷ್ಟು ಹೊತ್ತಿನ ಪ್ರಯಾಣ?"

ಒಂದು ಹಿಮದ ತುದಿ, ಇನ್ನೊಂದು ಸಮುದ್ರದ ನಡುವೆ. ಯಾರೂ ಸುಲಭವಾಗಿ ತಲುಪಲಾರದ ಎರಡು ನಿಲ್ದಾಣಗಳನ್ನು ಬೇಕೆಂದೇ ಆರಿಸಿದ್ದರು. ನನಗೆ ಉತ್ತರ ಗೊತ್ತಿತ್ತು. ಮನಸ್ಸಿನಲ್ಲಿ ವಾಕ್ಯ ಕಟ್ಟಿಕೊಂಡು ಶುರುಮಾಡಿದೆ.

"ನೇರ ದೂರ ಸುಮಾರು ಮೂರು ಸಾವಿರ ಕಿಲೋಮೀಟರ್. ಹಾಗೆ ಹಾರುವುದಾದರೆ ನಾಲ್ಕು ಗಂಟೆ ಬೇಕಾಗುತ್ತದೆ. ಆದರೆ"

ಅಷ್ಟರಲ್ಲಿ ವಿಮಾನದ ಸದ್ದು ಬಂತು. ಗ್ರಾಂಟ್ ರೋಡಿನಲ್ಲಿ ಅದು ಎಲ್ಲೋ ದೂರದಲ್ಲಿ, ಬಹು ಎತ್ತರದಲ್ಲಿ ಹೋಗುತ್ತಿರುತ್ತದೆ. ಕೆಳಗಿನ ಹೋಟೆಲಿನ ಪಾತ್ರೆಗಳ ಸದ್ದಿನಲ್ಲಿ, ಬೀದಿಯ ಹಾರ್ನುಗಳಲ್ಲಿ, ಬೇರೆ ಯಾರಿಗೂ ಅದು ಕೇಳಿಸುವುದಿಲ್ಲ. ನನ್ನ ಕಿವಿಗೆ ಕೇಳಿಸಿತು; ನಾನು ನಿಂತೆ. ನಿಲ್ಲಬೇಕೆಂದು ನಿಂತದ್ದಲ್ಲ. ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚಿದ ಹಾಗೆ ಬಾಯಿ ತಾನಾಗಿ ಮುಚ್ಚಿತು.

ಮ್ಯಾನೇಜರು ಕಾದರು. ಆಮೇಲೆ ಕನಿಕರದಿಂದ ನಕ್ಕರು. "ಆದರೆ ನೇರ ವಿಮಾನವೇ ಇಲ್ಲ, ಅಲ್ವೇನಮ್ಮಾ? ಪರವಾಗಿಲ್ಲ. ಪುಸ್ತಕದ ಲೆಕ್ಕ ಬರುತ್ತೆ ನಿಮಗೆ. ದಾರಿ ಲೆಕ್ಕ ಇನ್ನೂ ಕಲೀಬೇಕು."

ನನ್ನ ನಾಲಗೆಯ ತುದಿಯಲ್ಲಿದ್ದುದನ್ನೇ ಅವರು ಹೇಳಿಬಿಟ್ಟಿದ್ದರು. "ಅದನ್ನೇ ಹೇಳಲಿದ್ದೆ, ವಿಮಾನ ದಾಟಲೆಂದು ನಿಂತೆ" ಎನ್ನಬಹುದಿತ್ತು. ಆದರೆ ಸೊಸೈಟಿಯಲ್ಲಿ ಇರುವವಳು ವಿಮಾನ ಬಂದರೆ ಯಾಕೆ ನಿಲ್ಲಬೇಕು? ಆ ಮಾತಿನ ಹಿಂದೆಯೇ ಗುಡ್ಡ, ತಗಡು, ನಳದ ಸಾಲು ಎಲ್ಲ ಇಳಿದು ಬರುತ್ತಿದ್ದವು. ನಾನು ತಲೆ ತಗ್ಗಿಸಿ, "ಕಲಿಯುತ್ತೇನೆ" ಎಂದೆ.

ಕಾಗದಪತ್ರ ಜೋಡಿಸುವ ಕೆಲಸಕ್ಕೆ, ಸದ್ಯಕ್ಕೆ ಪರೀಕ್ಷಾರ್ಥವಾಗಿ, ನನ್ನನ್ನು ತೆಗೆದುಕೊಂಡರು. ಟೆಲಿಫೋನಿನಲ್ಲಿ ಚೆನ್ನಾಗಿ ಮಾತನಾಡಿದರೆ ದೀಪಾವಳಿಯ ಹೊತ್ತಿಗೆ ರೂಟ್ ಟೇಬಲ್, ಕಾಯಂ ನೌಕರಿ. ಇಲ್ಲವಾದರೆ ಇಲ್ಲ.

ರೂಟ್ ಟೇಬಲ್ಲಿನಲ್ಲಿ ಆಗ ಇದ್ದವರು ಕುಂದಾಪುರದ ಕಡೆಯ ಒಬ್ಬ ಮಹಿಳೆ. ನನಗಿಂತ ಹತ್ತು ವರ್ಷ ದೊಡ್ಡವರು. ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಗಂಡನಿಗೆ ಬೇರೆ ಊರಿಗೆ ವರ್ಗವಾಗಿ, ಅವರು ಕೆಲಸ ಬಿಡುವವರಿದ್ದರು. ನನ್ನ ಗ್ರಂಥಸ್ಥ ಕನ್ನಡ ಅವರಿಗೆ ದೊಡ್ಡ ತಮಾಷೆ.

"ನೀನು ಮಾತಾಡಿದ್ರೆ ರೇಡಿಯೋದಲ್ಲಿ ವಾರ್ತೆ ಬಂದ ಹಾಗೆ ಆಗ್ತದೆ ಮಾರಾಯ್ತಿ. ಊಟಕ್ಕೆ ಕರೆದ್ರೂ ಎದ್ದು ನಿಲ್ಲುವ ಅನ್ಸ್ತದೆ."

ಕೆಲವು ದಿನಗಳಲ್ಲಿಯೇ ನನ್ನ ನಿಲುಗಡೆಗಳನ್ನೂ ಅವರು ಗುರುತಿಸಿದರು. ಮೊದಲು "ಎಂತ, ರೇಡಿಯೋ ಬಂದ್ ಆಯ್ತಾ?" ಎಂದು ನಗುತ್ತಿದ್ದರು. ಆಮೇಲೆ ನಗು ನಿಂತಿತು. ಒಂದು ಮಧ್ಯಾಹ್ನ ನನ್ನ ಕುರ್ಚಿಯ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದರು.

"ನಿಂಗೆ ಫಿಟ್ಸ್ ಉಂಟಾ?"

ನಾನು ಇಲ್ಲವೆನ್ನಲಿಲ್ಲ. ವಾಕ್ಯ ಕಟ್ಟಿಕೊಂಡು, "ಚಿಕ್ಕಂದಿನಿಂದಲೂ ಹೀಗೆಯೇ" ಎಂದೆ. ವ್ಯಾಕರಣದ ಮಟ್ಟಿಗೆ ಅದು ನಿಜವಾದ ವಾಕ್ಯ.

ಮರುದಿನದಿಂದ ಅಕ್ಕನ ಮೇಜಿನ ಮೇಲೆ ಒಂದು ಕಬ್ಬಿಣದ ಬೀಗದ ಕೈ ಗೊಂಚಲು ಬಂದು ಕುಳಿತಿತು. ಮೂರ್ಛೆ ಬಂದವರ ಕೈಯಲ್ಲಿ ಕಬ್ಬಿಣ ಹಿಡಿಸಬೇಕೆಂದು ಅವರ ನಂಬಿಕೆ. ನಾನು ಮಾತಿನ ನಡುವೆ ನಿಂತರೆ ಸಾಕು, ಅವರ ಕೈ ಗೊಂಚಲಿನ ಕಡೆಗೆ ಹೋಗುತ್ತಿತ್ತು. ವಿಮಾನ ದಾಟಿ ನಾನು ಮಾತು ಮುಂದುವರಿಸಿದೊಡನೆ, ಉಸಿರು ಬಿಟ್ಟು ಮತ್ತೆ ವೇಳಾಪಟ್ಟಿಗೆ ಬಗ್ಗುತ್ತಿದ್ದರು. ತಮ್ಮ ಡಬ್ಬಿಯ ಸಜ್ಜಿಗೆಯಲ್ಲಿ ನನಗೆ ಹೆಚ್ಚು ಪಾಲು ಕೊಡತೊಡಗಿದರು. ಆ ಗೊಂಚಲನ್ನು ನೋಡಿದಾಗಲೆಲ್ಲ ನನ್ನ ಕಿವಿಗಳು ಬಿಸಿಯಾಗುತ್ತಿದ್ದವು. ಇಲ್ಲದ ಕಾಯಿಲೆಗೆ ಒಬ್ಬರ ಅಂತಃಕರಣವನ್ನು ನಾನು ತಿನ್ನುತ್ತಿದ್ದೆ. ಆದರೂ, ಕಾಯಿಲೆಯವಳೆನಿಸಿಕೊಳ್ಳುವುದು ಗುಡ್ಡದವಳೆನಿಸಿಕೊಳ್ಳುವುದಕ್ಕಿಂತ ಮೇಲೆಂದು ತೋರುತ್ತಿತ್ತು. ಇದನ್ನು ಬರೆಯುವಾಗಲೂ ನನಗೆ ತಲೆಯೆತ್ತಲಾಗುತ್ತಿಲ್ಲ.

ದಸರೆ ಮುಗಿದ ವಾರ, ಅಕ್ಕ ರಜೆಯಲ್ಲಿದ್ದಾಗ, ಒಬ್ಬ ಸೇನಾಧಿಕಾರಿಯ ಹೆಂಡತಿಯ ಫೋನು ಬಂತು. ಗಂಡನಿಗೆ ಲೇಹ್‌ನಿಂದ ಪೋರ್ಟ್ ಬ್ಲೇರ್‌ಗೆ ವರ್ಗವಾಗಿತ್ತು. ನನಗೆ ಕೇಳಿದ್ದ ಪ್ರಶ್ನೆಯೇ ಮನುಷ್ಯರೂಪದಲ್ಲಿ ಬಂದಿತ್ತು. ಇಂಥದೊಂದು ಅವಕಾಶಕ್ಕಾಗಿಯೇ ಕಾದಿದ್ದವಳಂತೆ, ನಾನು ಹಿಂದಿಯಲ್ಲಿ ವಿವರಿಸತೊಡಗಿದೆ. ಲೇಹ್‌ನಿಂದ ದಿಲ್ಲಿಗೆ ಬೆಳಗ್ಗೆ ಮಾತ್ರ ವಿಮಾನ. ಮೋಡವಿದ್ದರೆ ಅದೂ ಇಲ್ಲ. ದಿಲ್ಲಿಯಿಂದ ಕಲ್ಕತ್ತೆ. ಅಲ್ಲಿಂದ ದ್ವೀಪಕ್ಕೆ ವಾರದಲ್ಲಿ ಕೆಲವೇ ದಿನ. "ನೀವು ಕಲ್ಕತ್ತೆಯಲ್ಲಿ" ಎನ್ನುವಷ್ಟರಲ್ಲಿ ಮೇಲೆ ಸದ್ದು ಬಂತು. ನಾನು ನಿಂತೆ. ಆಕೆ "ಹಲೋ, ಹಲೋ" ಎಂದರು. ಲೈನು ಕಡಿದಿರಬೇಕೆಂದು ಇಟ್ಟುಬಿಟ್ಟರು. ಮತ್ತೆ ಅವರ ಫೋನು ಬರಲಿಲ್ಲ.

ಮ್ಯಾನೇಜರು ಎಲ್ಲವನ್ನೂ ನೋಡುತ್ತಿದ್ದರು. ಬೈಯಲಿಲ್ಲ. ಸಂಜೆ ನಾನು ಹೊರಡುವಾಗ, "ಮನೇಲಿ ತಂದೆಯವರು ಭಾನುವಾರ ಇರ್ತಾರೇನಮ್ಮಾ?" ಎಂದಷ್ಟೇ ಕೇಳಿದರು. "ಇರುವುದಿಲ್ಲ" ಎಂದೆ. ಅದೂ ಸುಳ್ಳು.

ಅವರು ಬಂದೇ ಬಂದರು. ಭಾನುವಾರ ಬೆಳಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲಲ್ಲಿ ಕುಳಿತು ಅಪ್ಪನ ಕೆಲಸದ ಅಂಗಿಯಿಂದ ಸಿಮೆಂಟು ಉಜ್ಜುತ್ತಿದ್ದೆ. ಔಷಧದ ಅಂಗಡಿಯವನು ದಾರಿ ತೋರಿಸಿ ಕಳಿಸಿರಬೇಕು; ಗಟಾರದ ಕಲ್ಲುಗಳ ಮೇಲೆ ಜಾಗ್ರತೆಯಿಂದ ಹೆಜ್ಜೆಯಿಡುತ್ತ, ಒಂದು ಕೈಯಲ್ಲಿ ಪಂಚೆಯ ಚುಂಗು, ಇನ್ನೊಂದರಲ್ಲಿ ಮೋಸಂಬಿಯ ಚೀಲ ಹಿಡಿದು ಮ್ಯಾನೇಜರು ಏರಿ ಬರುತ್ತಿದ್ದರು. ಮೋಸಂಬಿ ಕಾಯಿಲೆಯವರಿಗೆ ತರುವ ಹಣ್ಣು. ಅದನ್ನು ಕಂಡಾಗ ನನಗೆ ಅವರು ಬಂದ ಕಾರಣ ತಿಳಿಯಿತು; ಅಕ್ಕ ಫಿಟ್ಸಿನ ಮಾತನ್ನು ಅವರ ಕಿವಿಗೂ ಹಾಕಿರಬೇಕು. ಓಡಿಹೋಗಲು ನಮ್ಮ ಮನೆಗೆ ಹಿಂದಿನ ಬಾಗಿಲಿರಲಿಲ್ಲ.

"ಬರ್ರಿ ಸಾಹೇಬ್ರ, ಬರ್ರಿ. ಕುಂಡ್ರಿ," ಎಂದು ಅಪ್ಪ ಇದ್ದೊಂದು ಕುರ್ಚಿಯನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದ. "ಏ, ಚಾ ಇಡ. ನಮ್ಮ ಹುಡುಗಿ ದಿನಾ ನಿಮ್ಮ ಮಾತ ಹೇಳ್ತಾಳ್ರಿ."

"ಚಾ ಕುಡೀತೀರೋ ಇಲ್ಲೋ," ಎಂದು ಅವ್ವ ಒಲೆಯ ಕಡೆಯಿಂದಲೇ ಸಂಕೋಚಪಟ್ಟಳು.

"ಧಾರಾಳವಾಗಿ ಕುಡೀತೀನಿ, ತಾಯಿ," ಎಂದರು ಅವರು. ನನ್ನ ಕಡೆ ನೋಡಲಿಲ್ಲ. ಚಾ ಬಂದ ಮೇಲೆ, ಅಪ್ಪನ ಕಡೆಗೆ ತಿರುಗಿ ಗಂಭೀರವಾಗಿ ಶುರುಮಾಡಿದರು. "ಯಜಮಾನ್ರೇ, ತಪ್ಪು ತಿಳೀಬೇಡಿ. ನಿಮ್ಮ ಮಗಳಿಗೆ ಒಮ್ಮೊಮ್ಮೆ"

ವಿಮಾನ ಬಂತು.

ಅಪ್ಪನ ಅಂಗೈ ಮೇಲೆದ್ದಿತು. ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಹೊರಗೆ ನಳದ ಹತ್ತಿರ ಏರಿದ್ದ ದನಿಗಳು ಕತ್ತರಿಸಿದಂತೆ ನಿಂತವು. ಪಕ್ಕದ ಮನೆಯ ಮುದುಕ, ಬೀಡಿ ಕೇಳಲೆಂದು ಬಾಗಿಲಿಗೆ ಬಂದವನು, ಬಾಯಿ ತೆರೆದಂತೆಯೇ ನಿಂತ. ತಟ್ಟೆಗಳು ನಡುಗಿದವು. ಇಡೀ ಸಾಲಿನಲ್ಲಿ ಮ್ಯಾನೇಜರ ತುಟಿಗಳು ಮಾತ್ರ ಅಲುಗುತ್ತಿದ್ದವು, ಸದ್ದಿಲ್ಲದೆ. ಆಮೇಲೆ ಅವರಿಗೆ ತಿಳಿಯಿತು. ತುಟಿಗಳು ನಿಂತವು. ಅವರು ಅಪ್ಪನ ಎತ್ತಿದ ಕೈಯನ್ನು ನೋಡಿದರು, ಅವ್ವನನ್ನು ನೋಡಿದರು, ಹೊರಗೆ ಕೊಡ ಹಿಡಿದು ನಿಂತ ಹೆಂಗಸರನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು. ನಾನು ಸಿಮೆಂಟಿನ ಅಂಗಿಯನ್ನು ಎದೆಗೆ ಹಿಡಿದು ನಿಂತಿದ್ದೆ.

ಸದ್ದು ಅಡಗಿತು. ನಳದ ಹತ್ತಿರ "ಮುಟ್ಟಿ ನೋಡ್ತೀಯೇನ?" ಎಂದು ಮಾತು ಪೂರ್ತಿಯಾಯಿತು. "ಬೀಡಿ ಐತೇನು?" ಎಂದ ಮುದುಕ. ಅಪ್ಪ ಕೈ ಇಳಿಸಿದ.

"ಒಮ್ಮೊಮ್ಮೆ ಅಂದ್ರಿ. ಏನ್ರಿ ಸಾಹೇಬ್ರ, ಏನರ ತಪ್ಪ ಮಾಡ್ತಾಳೇನು?"

ಮ್ಯಾನೇಜರು ಚಾ ಒಂದು ಗುಟುಕು ಕುಡಿದರು. "ಒಮ್ಮೊಮ್ಮೆ ಕೆಲಸ ಜಾಸ್ತಿಯಾಗಿ ಮನೆಗೆ ಬರಕ್ಕೆ ಹೊತ್ತಾಗುತ್ತೆ. ನೀವು ಗಾಬರಿಯಾಗಬಾರದು ಅಂತ ಹೇಳಿಹೋಗಕ್ಕೆ ಬಂದೆ. ಅಷ್ಟೇ."

"ಅಷ್ಟೇನ್ರಿ," ಎಂದು ಅಪ್ಪ ನಿರಾಳವಾಗಿ ನಕ್ಕ. "ಇಮಾನದ ಗದ್ದಲಾ ನಮಗ ರೂಢಿ ಆಗೇತ್ರಿ. ಸಣ್ಣಾಕಿ ಇದ್ದಾಗಿಂದ ಇಮಾನ ನೋಡಿಕೋತನ ಬೆಳದಾಳ. ಅದಕ್ಕ ಅಕಿಗೆ ಇಮಾನದ ನೌಕರಿನ ಸಿಕ್ಕೈತಿ. ಇಮಾನ ಅಂದ್ರ ಇಲ್ಲಿಂದ ಭಾಳ ಸಮೀಪ ಬಿಡ್ರಿ."

ಅವನ ಹೆಮ್ಮೆ ನನ್ನನ್ನು ಸುಟ್ಟಿತು. ಮ್ಯಾನೇಜರು ಹೌದೆಂದು ತಲೆಯಾಡಿಸಿ, ಮೋಸಂಬಿಯನ್ನು ಅವ್ವನ ಕೈಗೆ ಕೊಟ್ಟು ಎದ್ದರು. ನಾನು ಗುಡ್ಡದ ಅರ್ಧದವರೆಗೆ ಕಳಿಸಲು ಹೋದೆ. ಸೊಸೈಟಿಯ ವಿಷಯ ಅವರು ಎತ್ತಲಿಲ್ಲ. "ಜೋಪಾನ, ಕಲ್ಲು ಅಲ್ಲಾಡುತ್ತೆ," ಎಂದು ನನಗೇ ಎಚ್ಚರಿಸಿದರು. ಆ ಕಲ್ಲಿನ ಮೇಲೆ ಹುಟ್ಟಿದಂದಿನಿಂದ ನಡೆದವಳಿಗೆ. ಅವರು ಗದರಿದ್ದರೆ ನನಗೆ ಉತ್ತರವಾದರೂ ಇರುತ್ತಿತ್ತು. ಒಬ್ಬರು ನಮ್ಮ ಸುಳ್ಳನ್ನು ಕಂಡೂ, ನಮ್ಮ ತಂದೆಯ ಎದುರು ಅದನ್ನು ತಮ್ಮ ಸುಳ್ಳಿನಿಂದ ಮುಚ್ಚಿದರೆ, ಆಮೇಲೆ ಅವರ ಮುಖವನ್ನು ಹೇಗೆ ನೋಡುವುದು?

ಸೋಮವಾರ ಬೆಳಗ್ಗೆ ಅವರು ನನ್ನನ್ನು ರೂಟ್ ಟೇಬಲ್ಲಿನ ಮುಂದೆ ಕೂರಿಸಿದರು. ಅಕ್ಕ ರಜೆಯಿಂದ ಮರಳಿದ್ದರು. ಪಕ್ಕದಲ್ಲಿ ನಿಂತು ಗೊಂಚಲನ್ನು ಕೈಯಲ್ಲಿ ಹಿಡಿದಿದ್ದರು.

"ಲೇಹ್‌ನಿಂದ ಪೋರ್ಟ್ ಬ್ಲೇರ್‌ಗೆ, ಎಷ್ಟು ಹೊತ್ತಮ್ಮಾ?"

"ನೇರ ದೂರ ಸುಮಾರು ಮೂರು ಸಾವಿರ ಕಿಲೋಮೀಟರ್," ಎಂದು ಶುರುಮಾಡಿದೆ. "ಆದರೆ ನೇರ ವಿಮಾನವಿಲ್ಲ. ದಿಲ್ಲಿ, ಕಲ್ಕತ್ತೆಗಳ ಮೇಲೆ ಹೋಗಬೇಕು. ಆಕಾಶದಲ್ಲಿರುವುದು ಒಟ್ಟು ಐದಾರು ಗಂಟೆ ಮಾತ್ರ. ಉಳಿದದ್ದೆಲ್ಲ"

ಸದ್ದು ಬಂತು. ಅದೇ ದೂರದ, ಎತ್ತರದ ಸದ್ದು. ಮ್ಯಾನೇಜರಿಗೂ ಈಗ ಅದು ಕೇಳಿಸಿತೆಂದು ತೋರುತ್ತದೆ, ಅಥವಾ ನನ್ನ ಮುಖದಲ್ಲಿ ಕಂಡರೇನೋ. ಮೇಜಿನ ಮೇಲಿದ್ದ ಅವರ ಬಲಗೈ ಮೆಲ್ಲಗೆ ಮೇಲೆದ್ದಿತು, ಅಂಗೈ ನನ್ನ ಕಡೆಗೆ, ಅಪ್ಪ ಎತ್ತುವ ಹಾಗೆಯೇ. ನಿಲ್ಲು, ಅವಸರವಿಲ್ಲ, ದಾಟಲಿ ಎಂದು. ಗಡಿಯಾರ ಕಟ್ಟಿದ ಆ ಕೈಯಲ್ಲಿ ನಮ್ಮ ಗುಡ್ಡವನ್ನು ಕಂಡು ನನಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. ನಾನು ನಿಲ್ಲಲಿಲ್ಲ. ಹಲ್ಲು ಕಚ್ಚಿ, ಉಗುರನ್ನು ಅಂಗೈಗೆ ಒತ್ತಿ, ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ಉಳಿದದ್ದೆಲ್ಲ ಕಾಯುವ ಹೊತ್ತು. ಲೇಹ್‌ನಲ್ಲಿ ಮೋಡ ಸರಿಯಲೆಂದು, ದಿಲ್ಲಿಯಲ್ಲಿ ಬೆಳಗಾಗಲೆಂದು, ಕಲ್ಕತ್ತೆಯಲ್ಲಿ ವಿಮಾನದ ದಿನ ಬರಲೆಂದು. ಪ್ರಯಾಣಿಕರಿಗೆ ಗಂಟೆಗಳ ಲೆಕ್ಕ ಕೊಡಬಾರದು. ನಾಲ್ಕೈದು ದಿನವೆಂದು ಹೇಳಬೇಕು."

ಮ್ಯಾನೇಜರ ಕೈ ಗಾಳಿಯಲ್ಲಿ ಒಂದು ಕ್ಷಣ ಹಾಗೆಯೇ ಇತ್ತು. ಆಮೇಲೆ ಕೆಳಗಿಳಿದು, ಸರಿಯಾಗಿಯೇ ಇದ್ದ ಕಾಗದಗಳನ್ನು ಮತ್ತೆ ಸರಿಮಾಡಿತು. "ಸರಿಯಾದ ಉತ್ತರ," ಎಂದರು. ಅಕ್ಕ ಗೊಂಚಲನ್ನು ಚೀಲಕ್ಕೆ ಹಾಕಿಕೊಂಡು, "ಗುಣ ಆಯ್ತಲ್ಲ ಮಾರಾಯ್ತಿ," ಎಂದು ನನ್ನ ಬೆನ್ನು ತಟ್ಟಿದರು.

ಆ ವಾರವಿಡೀ ನಾನು ಅಭ್ಯಾಸ ಮಾಡಿದೆ. ಸದ್ದು ಬಂದರೆ ಮಾತು ಇನ್ನಷ್ಟು ಬಿರುಸಾಗಬೇಕು, ಅಷ್ಟೇ. ಲೋಕಲ್‌ನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಒಬ್ಬಳೇ ಊರುಗಳ ಹೆಸರನ್ನು ಹೇಳಿಕೊಳ್ಳುತ್ತಿದ್ದೆ. ಶನಿವಾರ ಮ್ಯಾನೇಜರು ಕರೆದು, ಮುಂದಿನ ತಿಂಗಳಿನಿಂದ ರೂಟ್ ಟೇಬಲ್ ನನ್ನದೆಂದೂ ನೌಕರಿ ಕಾಯಂ ಎಂದೂ ಹೇಳಿದರು. ಹೇಳುವಾಗ ಅವರ ಕೈಗಳು ಮೇಜಿನ ಕೆಳಗಿದ್ದವು.

ಮನೆಗೆ ಬಂದಾಗ ಅಪ್ಪ ಕೈಕಾಲು ತೊಳೆದು ಕುಳಿತಿದ್ದ. ಅವ್ವ ಕಾಳು ಹಸನು ಮಾಡುತ್ತಿದ್ದಳು. ಊರಿಗೆ ಏನು ಹೇಳಿಕಳಿಸುವುದೆಂದು ಇಬ್ಬರ ನಡುವೆ ಮಾತು ನಡೆದಿತ್ತು. ನನ್ನನ್ನು ಕಂಡು ನಿಲ್ಲಿಸಿದರು. ನಾನು ಚಪ್ಪಲಿಯನ್ನೂ ಬಿಡದೆ ಶುರುಮಾಡಿದೆ.

"ಅಪ್ಪಾ, ನನ್ನ ನೌಕರಿ"

ವಿಮಾನ ಬಂತು. ಅಪ್ಪನ ಅಂಗೈ ಎದ್ದಿತು. ಅವ್ವನ ಮೊರ ನಿಂತಿತು. ನಾನು ನಿಲ್ಲಲಿಲ್ಲ. ಕಾಯಂ ಆದದ್ದು, ರೂಟ್ ಟೇಬಲ್ಲು ಸಿಕ್ಕದ್ದು, ಇನ್ನು ಊರಿಗೆ ಏನೂ ಹೇಳಿಕಳಿಸಬೇಕಾಗಿಲ್ಲ ಎಂಬುದು, ಎಲ್ಲವನ್ನೂ ಹೇಳುತ್ತಲೇ ಹೋದೆ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಅವರಿಬ್ಬರೂ ನನ್ನ ತುಟಿಗಳನ್ನು ನೋಡುತ್ತಿದ್ದರು. ಆ ನೋಟ ನನಗೆ ಪರಿಚಿತವಾಗಿತ್ತು. ನಮ್ಮ ಮನೆಗೆ ಬರುತ್ತಿದ್ದ ವಿಮೆಯವನನ್ನು, ಆ ಭಾನುವಾರ ಮ್ಯಾನೇಜರನ್ನು, ಅವರು ಹೀಗೆಯೇ ನೋಡಿದ್ದರು: ಪಾಪ, ಗೊತ್ತಿಲ್ಲ ಇವರಿಗೆ, ಎನ್ನುವ ಹಾಗೆ.

ಸದ್ದು ಅಡಗಿತು. ನನ್ನ ಮಾತು ಅಷ್ಟರಲ್ಲಿ ಮುಗಿದಿತ್ತು. ಅಪ್ಪ ಕೈ ಇಳಿಸಿ, ಅತಿಥಿಗಳೊಡನೆ ಮಾತಾಡುವ ಮೆದು ದನಿಯಲ್ಲಿ ಹೇಳಿದ.

"ಇಮಾನ ಹೋತು. ಈಗ ಹೇಳವಾ."

ನಾನು ಹೊಸ್ತಿಲಲ್ಲಿ ನಿಂತು, ಮತ್ತೆ ಮೊದಲಿನಿಂದ ಹೇಳಿದೆ.